ನಿದ್ದೆಯ ಕಾರು

ತಳಕು ಊರು ದಾಟುತ್ತಿದ್ದಂತೆ ಕಾರು ಮತ್ತೆ ನಡುಗಿತು. ಹಿಂದಿನ ಸೀಟಿನಲ್ಲಿ ಆಗಷ್ಟೇ ಕಣ್ಣು ಮುಚ್ಚಿದ್ದ ಸುಲೋಚನಮ್ಮ ತಲೆ ಎತ್ತಿ, "ಮೊಳಕಾಲ್ಮೂರು ಬಂತೇನ್ರಿ?" ಎಂದಳು. ಸ್ಟೇರಿಂಗ್ ಹಿಡಿದಿದ್ದ ಅವಳ ಗಂಡ ಜಂಬುಲಿಂಗಪ್ಪನಿಗೆ ಅಳುವೇ ಬಂದಂತಾಯಿತು. "ಇಲ್ಲ, ನೀನು ಮಲ್ಕೊ," ಎಂದ. ಹೋದ ನಿದ್ದೆ ಕರೆದರೆ ಬರುತ್ತದೆಯೇ? ಕಾರನ್ನು ವಾಪಸ್ ಚಳ್ಳಕೆರೆಗೆ ತಿರುಗಿಸಿದ.

ಅವರ ಮನೆ ಅವರದೇ ಶೇಂಗಾ ಎಣ್ಣೆ ಮಿಲ್ಲಿನ ಹಿಂದೆ ಇತ್ತು. ಮದುವೆಯಾಗಿ ಬಂದಾಗಿನಿಂದ ಸುಲೋಚನಮ್ಮ ಮಲಗಿದ್ದೆಲ್ಲ ಆ ಯಂತ್ರದ ಸದ್ದಿನಲ್ಲೇ. ಮಿಲ್ಲು ಮುಚ್ಚಿದ ರಾತ್ರಿ ಅವಳ ನಿದ್ದೆಯೂ ನಿಂತುಹೋಯಿತು. ಮಾತ್ರೆ, ಬಿಸಿ ಹಾಲು, ಅಂಗಾಲಿಗೆ ಹರಳೆಣ್ಣೆ, ಯಾವುದೂ ನಾಟಲಿಲ್ಲ. ಆಮೇಲೊಮ್ಮೆ ಈ ಆಟೋಮ್ಯಾಟಿಕ್ ಕಾರಿನಲ್ಲಿ ಸೀರೆ ತರಲು ಮೊಳಕಾಲ್ಮೂರಿಗೆ ಹೊರಟಾಗ, ದಾರಿಯಲ್ಲೇ ಮಗುವಿನಂತೆ ಮಲಗಿಬಿಟ್ಟಳು. ಗೇರು ಬದಲಾದದ್ದೇ ತಿಳಿಯದ ಹಾಗೆ ಒಂದೇ ಸಮ ಗುಂಯ್‌ಗುಡುತ್ತ ಸಾಗುವ ಗಾಡಿ ಅದು. ಅಂದಿನಿಂದ ಜಂಬುಲಿಂಗಪ್ಪ ದಿನಾ ಮಧ್ಯಾಹ್ನ ಅವಳನ್ನು ಮಲಗಿಸಿಕೊಂಡು ಮೊಳಕಾಲ್ಮೂರಿಗೆ ಹೋಗಿ, ಮಲಗಿಸಿಕೊಂಡೇ ಬರುತ್ತಿದ್ದ. ರಾತ್ರಿ ಮಾತ್ರ ಅವನೂ ಎದ್ದಿರುತ್ತಿದ್ದ. ಹೆಂಡತಿ ಸೂರು ನೋಡುತ್ತಿರುವಾಗ ಪಕ್ಕದಲ್ಲಿ ತಾನು ಗೊರಕೆ ಹೊಡೆಯುವುದಕ್ಕೆ ಅವನಿಗೆ ನಾಚಿಕೆ.

"ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಾಯಿಸಿದ್ರಿ ಸಾವ್ಕಾರ್ರೆ?" ಗ್ಯಾರೇಜಿನಲ್ಲಿ ಕಾರಿನಡಿಯಿಂದ ಎದ್ದು ಬಂದ ಮೆಕ್ಯಾನಿಕ್ ಅಕ್ರಮ್ ಕೇಳಿದ.

"ಬದಲಾಯಿಸೋ ಹಂಗೇ ಇಲ್ಲಪ್ಪ, ಸೀಲ್ ಮಾಡೈತೆ. ಲೈಫ್‌ಟೈಮ್ ಎಣ್ಣೆ, ಮುಟ್ಟಬ್ಯಾಡ್ರಿ ಅಂತ ಶೋರೂಮ್ನಾಗೆ ಹೇಳಿದ್ರು."

ಸುಲೋಚನಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಕೆಡದ ಎಣ್ಣೆ ಯಾವ್ದೈತ್ರಿ? ನಮ್ಮ ಮಿಲ್ಲಿನ ಒಂದು ಡಬ್ಬಿ ಮ್ಯಾಗಾದ್ರೂ ನೀವು ಹಂಗೆ ಬರೆಸಿದ್ರಾ?"

ಅಕ್ರಮ್ ತೋರಿಸಿದ ಬಟ್ಟೆಯ ಮೇಲೆ ಎಣ್ಣೆ ಕಾಡಿಗೆಯಾಗಿತ್ತು. ಸುಲೋಚನಮ್ಮ ಮೂಸಿ ನೋಡಿ, "ಸೀದೈತೆ," ಎಂದಳು.

"ಸೀದಿರೋದು ನಿಜ ಅಮ್ಮ. ಆದ್ರೆ ಮುಟ್ಟೋಕೆ ನನಗೂ ಭಯ," ಎಂದ ಅಕ್ರಮ್. "ಒಳಗಿನ ಪ್ಲೇಟು ಸವೆದು ಅದರ ಪುಡಿ ಎಣ್ಣೇಲಿ ಸೇರ್ಕಂಡಿರ್ತೈತೆ. ಒಂದೊಂದು ಗಾಡೀಲಿ ಆ ಪುಡಿಯಿಂದ್ಲೇ ಹಿಡಿತ ಉಳಿದಿರ್ತೈತೆ. ಎಲ್ಲಾ ತೆಗೆದು ಹೊಸದು ಹಾಕಿದ್ರೆ ಗಾಡಿ ಮುಂದಕ್ಕೇ ಹೋಗದಂಗೂ ಆಗಬೌದು. ಹಿಂಗೇ ಬಿಟ್ರೆ ನಡುಕ ಜಾಸ್ತಿ ಆಗ್ತೈತೆ."

"ಗಾಡಿ ಹೋದ್ರೆ ಇವ್ಳ ನಿದ್ದೇನೂ ಹೋದಂಗೆ," ಜಂಬುಲಿಂಗಪ್ಪನ ದನಿ ಸಣ್ಣದಾಯಿತು. "ತಮ್ಮನ ಕಾರು, ಬಸ್ಸು, ಎಲ್ಲಾ ನೋಡಿದೀನಿ ಅಕ್ರಮ್. ಇವ್ಳು ಮಲಗೋದು ಇದೊಂದ್ರಾಗೇ."

ಅಕ್ರಮ್ ಗಡ್ಡ ಕೆರೆದುಕೊಂಡ. "ಹಂಗಾದ್ರೆ ಅರ್ಧ ತೆಗೆದು ಅರ್ಧ ಬಿಡನ. ಬೆಳಗಿನ ಜಾವ ಬರ್ರಿ. ಎಣ್ಣೆ ಉಗುರುಬೆಚ್ಚಗಿರುವಾಗ್ಲೇ ಅಳತೆ ನೋಡ್ಬೇಕು. ಬಿಸಿಲೇರಿದ್ರೆ ಕಾದು ಉಬ್ಬಿಬಿಡ್ತೈತೆ."

ಮಾರನೇ ದಿನ ಮಬ್ಬು ಬೆಳಕಿನಲ್ಲಿ ಕಾರು ಗ್ಯಾರೇಜಿನ ಗುಂಡಿಯ ಮೇಲೆ ನಿಂತಿತು. ಅಕ್ರಮ್ ಗುಂಡಿಗಿಳಿದು ಹಳೇ ಎಣ್ಣೆ ಅರ್ಧ ಇಳಿಸಿದ, ಹೊಸದು ಏರಿಸಿದ. ಆಮೇಲೆ ಎಂಜಿನ್ ಚಾಲೂ ಆಯಿತು. ಜಂಬುಲಿಂಗಪ್ಪ ಬ್ರೇಕ್ ಒತ್ತಿ ಹಿಡಿದು, ಅಕ್ರಮ್ ಹೇಳಿದಂತೆ ಗೇರಿನ ಕಡ್ಡಿಯನ್ನು ಒಂದೊಂದೇ ಮನೆಗೆ ಸರಿಸಿದ. ಸುಲೋಚನಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬ್ಯಾಟರಿ ದೀಪ ಹಿಡಿದಳು. ಅಳತೆಯ ತೂತಿನಿಂದ ಹೆಚ್ಚಾದ ಎಣ್ಣೆ ಮೊದಲು ಧಾರೆಯಾಗಿ ಇಳಿಯಿತು, ನೂಲಿನಷ್ಟಾಯಿತು, ಕೊನೆಗೆ ಹನಿಯಾಯಿತು. ನೋಡುತ್ತ ನೋಡುತ್ತ ಅವಳು ಎಲ್ಲಿದ್ದೇನೆಂಬುದನ್ನೇ ಮರೆತಳು. ಮಿಲ್ಲಿನಲ್ಲಿ ಡಬ್ಬಿ ತುಂಬುವುದನ್ನು ಹೀಗೇ ನೋಡುತ್ತ ಕೂರುತ್ತಿದ್ದಳು.

"ಟ್ರಯಲ್ ನಾನೇ ಹೊಡೀತೀನಿ. ನೀವಿಬ್ರೂ ಹಿಂದೆ ಕೂತ್ಕಳ್ರಿ," ಎಂದ ಅಕ್ರಮ್. "ಅಮ್ಮ ಮಲಗಿದ್ರೆ ರಿಪೇರಿ ಆಯ್ತು ಅಂತ."

"ಮಲಗಲಿಲ್ಲ ಅಂದ್ರೆ?" ಎಂದ ಜಂಬುಲಿಂಗಪ್ಪ. ಅಕ್ರಮ್ ಬಿಸ್ಮಿಲ್ಲಾ ಎಂದು ಹೊರಟ.

ಎಪಿಎಂಸಿ ದಾಟುವಾಗ ಕಾರು ಒಂದು ಗಳಿಗೆ ಅನುಮಾನಿಸಿತು. ಅಷ್ಟರಲ್ಲಿ ಅದು ತಾನಾಗಿ ಮುಂದಿನ ಗೇರಿಗೆ ಜಾರಿಕೊಂಡಿತು. ಆಮೇಲೆ ರಸ್ತೆಯೇ ಹಿಂದಕ್ಕೆ ಹರಿಯುತ್ತಿರುವಂತೆ ಕಾಣತೊಡಗಿತು. ಈರುಳ್ಳಿ ಹೊಲಗಳು ಬಂದವು, ಹೋದವು. ದೂರದ ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ಅರೆನಿದ್ದೆಯಲ್ಲಿ ತಿರುಗುತ್ತಿದ್ದವು. ತಳಕು ಬಂತು. ಕಾರು ನಡುಗಲಿಲ್ಲ. ಬಿ.ಜಿ.ಕೆರೆಯ ಹತ್ತಿರ ಕುರಿಮಂದೆಯೊಂದು ಅಡ್ಡ ಬಂತು. ಅಕ್ರಮ್ ದೂರದಿಂದಲೇ ಕಾಲು ಸಡಿಲಿಸಿ, ಅವು ತಾವಾಗಿ ದಾಟುವಷ್ಟು ಮೆಲ್ಲಗೆ ಹೋದ. ಹಿಂದಿನಿಂದ ಗೊರಕೆ ಕೇಳಿಸಿತು.

ಗೆದ್ದೆ ಎಂದುಕೊಂಡು ಕನ್ನಡಿಯಲ್ಲಿ ನೋಡಿದ. ಬಾಯಿ ತೆರೆದು, ಹೆಂಡತಿಯ ಹೆಗಲ ಮೇಲೆ ತಲೆ ಚೆಲ್ಲಿ ಗೊರಕೆ ಹೊಡೆಯುತ್ತಿದ್ದವನು ಜಂಬುಲಿಂಗಪ್ಪ. ಸುಲೋಚನಮ್ಮನ ಕಣ್ಣು ತೆರೆದೇ ಇತ್ತು. ಅಕ್ರಮನ ಮುಖ ಸಪ್ಪಗಾಯಿತು.

"ನಿಲ್ಲಿಸಬ್ಯಾಡ," ಅವಳು ಪಿಸುಗುಟ್ಟಿದಳು. "ಮಿಲ್ಲು ಮುಚ್ಚಿದ ಮ್ಯಾಲೆ ಇವ್ರು ಹಿಂಗೆ ಮಲಗಿದ್ದು ಇವತ್ತೇ. ನನ್ನ ಸಲುವಾಗಿ ಎದ್ದಿರ್ತಾರೆ, ನನಗೆ ಗೊತ್ತಾಗಲ್ಲ ಅಂದ್ಕಂಡವ್ರೆ. ಮೆಲ್ಲಕೆ ಹೋಗಪ್ಪ."

ಅಕ್ರಮ್ ಮೆಲ್ಲಗೆ ಹೋದ. ಎಂಜಿನ್ನಿನ ಸದ್ದೂ ಗೊರಕೆಯೂ ಬೆರೆತು ಒಂದೇ ಯಂತ್ರದಂತೆ ಕೇಳುತ್ತಿತ್ತು. ಮೊಳಕಾಲ್ಮೂರು ಬಂದಾಗ, "ಅಮ್ಮ, ತಿರುಗಿಸ್ಲಾ?" ಎಂದು ಕೇಳಿದ. ಕನ್ನಡಿಯಲ್ಲಿ ನೋಡಿದರೆ ಸುಲೋಚನಮ್ಮನ ಕೆನ್ನೆ ಗಂಡನ ನೆತ್ತಿಯ ಮೇಲೆ ಒರಗಿತ್ತು, ಕಣ್ಣು ಮುಚ್ಚಿತ್ತು.

ಗ್ಯಾರೇಜಿನಿಂದ ಬಂದ ಫೋನು ಗುರುಗುಟ್ಟಿತು, ಅಕ್ರಮ್ ಅದರ ಬಾಯಿ ಮುಚ್ಚಿಸಿದ. ರಸ್ತೆ ಬದಿಯ ಬೋರ್ಡುಗಳು ಕನ್ನಡ ಬಿಟ್ಟು ತೆಲುಗಾದವು. ಹಿಂದಕ್ಕೆ ತಿರುಗಬೇಕೆಂದರೆ ಬ್ರೇಕ್ ಒತ್ತಬೇಕು. ಅವನು ಒತ್ತಲಿಲ್ಲ.