ಸತ್ತ ಮೇಲಿನ ಒಂದು ಹೆಜ್ಜೆ

2025ರ ಜುಲೈ 8, ಮಂಗಳವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ. ಗಿಂಡಿ ಬಡಾವಣೆಯ ಆಫೀಸಿನಲ್ಲಿ, ರಚನಾಳ ಕಂಪ್ಯೂಟರ್ ಪರದೆಯ ಮೇಲೆ ಹಳೆಯ ವಿಡಿಯೋ ಗೇಮಿನ ಯೋಧ ಪ್ರಾಣ ಬಿಟ್ಟ. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು ಕೋಟೆಯ ಬಾಗಿಲು ಮುಟ್ಟಿದ.

“ಸತ್ತೋನು ನಡೀತಾನೇನ್ರೀ? ಆ ಬಗ್ ತೆಗೀರಿ,” ಎಂದರು ಹಿಂದೆ ನಿಂತಿದ್ದ ತಂಡದ ಮುಖ್ಯಸ್ಥ ಪ್ರತಾಪ್.

“ಇಪ್ಪತ್ತೆರಡು ವರ್ಷದಿಂದ ನಡೀತಾನೇ ಇದ್ದಾನೆ ಸಾರ್. ಜನ ಈ ಆಟ ಗೆದ್ದಿರೋದೇ ಆ ಹೆಜ್ಜೇಲಿ. ನಾನೂ ಅಷ್ಟೇ.”

ಮರುಬಿಡುಗಡೆಗಾಗಿ ಆ ಆಟದ ಕೋಡನ್ನು ಅವಳು ಸಾಲುಸಾಲಾಗಿ ತಿದ್ದಿ ನೂರಾರು ತಪ್ಪು ಅಳಿಸಿದ್ದಳು. ಇದೊಂದನ್ನು ಬೇಕೆಂದೇ ಉಳಿಸಿದ್ದಳು: ಮೊದಲು ಹೆಜ್ಜೆ, ಆಮೇಲೆ ಪ್ರಾಣವಿದೆಯೇ ಎಂಬ ತಪಾಸಣೆ. ಆ ಎರಡು ಸಾಲು ಅದಲುಬದಲಾದರೆ ಯೋಧ ಬಿದ್ದಲ್ಲೇ ಬಿದ್ದಿರುತ್ತಾನೆ.

“ತೆಗೀದಿದ್ರೆ ಆಟದ ಕೊನೇಲಿ ನಿಮ್ಮ ಹೆಸರು ಬರಲ್ಲ, ನೋಡ್ಕೊಳ್ಳಿ.”

ರಚನಾ ಹೆಸರುಗಳಿದ್ದ ಫೈಲ್ ತೆರೆದು, ತನ್ನ ಹೆಸರಿನ ಸಾಲನ್ನು ತಾನೇ ಅಳಿಸಿದಳು.

“ಹೆಸರು ತೆಗ್ದಿದ್ದೀನಿ ಸಾರ್. ಹೆಜ್ಜೆ ಮಾತ್ರ ತೆಗಿಯಲ್ಲ.”

ಮುಂದೆ ಯಾರಾದರೂ ಆ ಹೆಜ್ಜೆಯನ್ನು ತೆಗೆದರೆ ಕೆಂಪಕ್ಷರದಲ್ಲಿ ಕೂಗಿ ಹೇಳುವ ಒಂದು ಟೆಸ್ಟನ್ನೂ ಪ್ರತಾಪ್ ಅವರ ಕಣ್ಣೆದುರೇ ಬರೆದು ರನ್ ಮಾಡಿದಳು. ಫಲಿತಾಂಶ ಹಸಿರಲ್ಲಿ ಮೂಡಿತು. ಯೋಧನ ಪ್ರಾಣ ಸೊನ್ನೆ. ನಡೆದ ದೂರ ಮೂವತ್ತೆರಡು ಪಿಕ್ಸೆಲ್.