ಅತ್ತೆಯ ಕೈ ಅಳತೆಗೆ ಕೂತ ಮರದ ಪಟ್ಟಿ

ನಮ್ಮ ಹಾಲ್‌ನಲ್ಲಿ ಕುರ್ಚಿಗಳ ಬೆನ್ನು ತಾಗಿ ತಾಗಿ ಗೋಡೆಯ ಪೇಂಟ್ ಕಿತ್ತುಹೋಗಿತ್ತು...

ಕುರ್ಚಿ ತಾಗುವ ಎತ್ತರಕ್ಕೆ ಒಂದು ಮರದ ಪಟ್ಟಿ ಹೊಡೆಸೋಣ ಎಂದು ಕಾಳಾಚಾರ್ ಎಂಬ ವಯಸ್ಸಾದ ಬಡಗಿಯನ್ನು ಕರೆಸಿದೆ. ನೋಡಲು ಒಂದೇ ಸಮ ಇರಲಿ ಎಂದು, ಬಾತ್‌ರೂಮ್‌ಗೆ ಹೋಗುವ ಪ್ಯಾಸೇಜ್‌ಗೂ ಸೇರಿಸಿ ಹೇಳಿದೆ.

ಅವರು ರೆಡಿಮೇಡ್ ಪಟ್ಟಿ ತರುವವರಲ್ಲ... ತೇಗದ ಹಲಗೆ ತಂದು, ಹಿತ್ತಲಲ್ಲಿ ಕೂತು ಕೈಯಾರೆ ಕೀಸುವವರು.

ಬಂದವರು ಟೇಪ್ ತೆಗೆಯಲಿಲ್ಲ.

"ಮನೆ ಯಜಮಾನಿ ಯಾರಮ್ಮ? ಮೊದಲ ಅಳತೆ ಅವರ ಕೈಯಿಂದಲೇ ತಗೊಳ್ಳೋದು. ನಮ್ಮಪ್ಪನ ಕಾಲದಿಂದ ಹಾಗೇ" ಎಂದರು.

ನನಗೋ ಒಲೆಯ ಮೇಲೆ ಸಾರು, ಮಕ್ಕಳ ಡಬ್ಬಿ ಇನ್ನೂ ಕಟ್ಟಿಲ್ಲ... ಜೊತೆಗೆ ಅತ್ತೆಯವರ ಚಿಂತೆ.

ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಬಾತ್‌ರೂಮ್‌ಗೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗಬೇಕು. ಒಂದು ದಿನವೂ ಬೇಸರ ತೋರಿಸಿದವಳಲ್ಲ... ಆದರೆ ಸುಸ್ತಾಗಿದ್ದೆ, ನಿಜ.

ಅದರ ಮೇಲೆ ಅವರು ನೀರೇ ಕುಡಿಯುತ್ತಿರಲಿಲ್ಲ. "ಹೀಗೇ ಆದರೆ ಕಿಡ್ನಿ ಉಳಿಯೋದಿಲ್ಲಮ್ಮ" ಎಂದು ಡಾಕ್ಟರ್ ಎರಡು ಸಲ ಎಚ್ಚರಿಸಿದ್ದರು. ನಾನು ಚೊಂಬು ತುಂಬಿ ಇಡುತ್ತಿದ್ದೆ... ಸಂಜೆಗೆ ಅದು ತುಂಬಿದ ಹಾಗೇ ಇರುತ್ತಿತ್ತು. ವಯಸ್ಸಾದವರ ಹಟ ಅಂದುಕೊಂಡಿದ್ದೆ.

"ಅತ್ತೆಯೇ ಹಿರಿಯರು, ಅವರ ಕೈಯನ್ನೇ ಅಳೆಯಿರಿ" ಎಂದವಳೇ ಇಬ್ಬರಿಗೂ ಮಜ್ಜಿಗೆ ಕೊಟ್ಟು ಅಡುಗೆಮನೆಗೆ ಓಡಿದೆ.

"ಕುರುಡಿ ಕೈಯಿಂದ ಅಳತೇನಾ ಆಚಾರ್ರೇ? ಪಟ್ಟಿ ಸೂರಿಗೆ ಹೋಗಿ ಕೂತೀತು!" ಅತ್ತೆಯ ಧ್ವನಿ.

"ಕೂತರೆ ಅದರ ಮೇಲೆ ಬಟ್ಟೆ ಒಣಗಾಕ್ಕೊಳ್ಳಿ ತಾಯಿ!"

ಅತ್ತೆ ನಕ್ಕರು... ಅವರ ನಗು ಕೇಳಿ ಎಷ್ಟು ತಿಂಗಳಾಗಿತ್ತೋ.

ನಾಲ್ಕು ದಿನ ಕೀಸಿದರು. ಐದನೇ ದಿನ ನಾನು ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಗೊಂಡು ಬರುವಷ್ಟರಲ್ಲಿ ಪಟ್ಟಿ ಗೋಡೆ ಸೇರಿತ್ತು.

ನೋಡಿದರೆ... ಕುರ್ಚಿಯ ಬೆನ್ನಿಗಿಂತ ಒಂದು ಗೇಣು ಕೆಳಗೆ!

ಬೆಳಗಿನಿಂದ ಒಂದು ಕಡೆ ಕೂತಿರದ ನನಗೆ ರೇಗಿಹೋಯಿತು.

"ಏನ್ ಆಚಾರ್ರೇ ಇದು? ಕುರ್ಚಿ ಇನ್ನೂ ಗೋಡೆಗೇ ತಾಗುತ್ತೆ! ಇಷ್ಟು ವರ್ಷ ಕೆಲಸ ಮಾಡಿ ಒಂದು ಅಳತೆ ಗೊತ್ತಾಗಲಿಲ್ವಾ? ಎಲ್ಲಾ ಕಿತ್ತು ಮೇಲಕ್ಕೆ ಹೊಡೀರಿ."

ಅವರು ಎದುರಾಡಲಿಲ್ಲ.

"ಕೀಳ್ತೀನಮ್ಮ. ನಿಮ್ಮನ್ನ ಕೇಳದೆ ಹೊಡೆದದ್ದು ನನ್ನದೇ ತಪ್ಪು... ಆದ್ರೆ ಒಂದು ಮಾತು."

ಧ್ವನಿ ತಗ್ಗಿಸಿದರು.

"ಮೊದಲ ದಿನ ನೀವು ಕೊಟ್ಟ ಮಜ್ಜಿಗೇನ ಅವರು ಮುಟ್ಟಲಿಲ್ಲ. ಯಾಕೆ ತಾಯಿ ಅಂದೆ. 'ಕುಡಿದ್ರೆ ಎದ್ದು ಹೋಗಬೇಕಲ್ಲಪ್ಪಾ... ನನ್ನ ಸೊಸೆ ಬಾಯಿ ಬಿಟ್ಟು ಏನೂ ಅನ್ನಲ್ಲ. ಆದ್ರೆ ಹಿಡ್ಕೊಂಡಾಗ ಅವಳ ಕೈ ಎಷ್ಟು ಸೋತಿದೆ ಅಂತ ಗೊತ್ತಾಗುತ್ತೆ' ಅಂದ್ರು."

ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ...

ಆಚಾರ್ರು ಹಾಲ್‌ನ ಆ ತುದಿಯಲ್ಲಿ ಕೂತಿದ್ದ ಅತ್ತೆಯನ್ನು ಎಬ್ಬಿಸಿ, ಅವರ ಬಲಗೈಯನ್ನು ಪಟ್ಟಿಯ ಮೇಲಿಟ್ಟರು. ಮೇಲಂಚಿನ ಉದ್ದಕ್ಕೂ ಬೆರಳು ಕೂರುವಷ್ಟು ಸಣ್ಣ ತೋಡು ಮಾಡಿದ್ದರು. ಬಾಗಿದ ಆ ಬೆನ್ನಿಗೆ, ಇಳಿಬಿಟ್ಟ ಆ ಕೈಗೆ... ಎತ್ತರ ಸರಿಯಾಗಿ ಕೂತಿತ್ತು.

"ಇದನ್ನ ಬಿಡದೆ ಹೋಗಿ ತಾಯಿ. ಪಟ್ಟಿ ಎಲ್ಲಿ ಮುಗಿಯುತ್ತೋ ಅಲ್ಲೇ ಬಾತ್‌ರೂಮ್ ಬಾಗಿಲು."

ನಾನು ಕೈ ಹಿಡಿಯಲು ಎದ್ದೆ.

"ಬೇಡ ಕಣೇ... ನೀನು ಕೂತ್ಕೋ ಸ್ವಲ್ಪ" ಎಂದರು ಅತ್ತೆ.

ಒಂದೊಂದೇ ಹೆಜ್ಜೆ... ಮೂಲೆಯಲ್ಲಿ ನಿಂತರು. ಬೆರಳುಗಳು ತಡಕಾಡಿದವು... ತಿರುವು ಸಿಕ್ಕಿತು. ಮುಂದೆ ನಡೆದರು.

ಬಾಗಿಲು ಮುಚ್ಚಿತು.

ಆಮೇಲೆ... ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು.

ಇಷ್ಟು ದಿನ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ ಆ ಹಿರಿಜೀವ ತನ್ನ ಮರ್ಯಾದೆಗೆ ತಾನೇ ಚಿಲಕ ಹಾಕಿಕೊಂಡಿತ್ತು...

ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಕೀಳ್ಲಾ ಅಮ್ಮ?" ಎಂದರು ಆಚಾರ್ರು, ಮೆಲ್ಲಗೆ.

ತಲೆ ಅಲ್ಲಾಡಿಸಿದೆ... ಬೇಡ ಎಂದು.

ಕೈ ಹಿಡಿದು ನಡೆಸುವುದು ಪ್ರೀತಿಯೇ... ಅವರೇ ನಡೆಯುವಂತೆ ದಾರಿ ಮಾಡಿಕೊಡುವುದು ಅದಕ್ಕಿಂತ ದೊಡ್ಡ ಪ್ರೀತಿ.

ನಿಮಗೆ ತೊಂದರೆ ಆಗಬಾರದೆಂದು ನಿಮ್ಮ ಮನೆಯಲ್ಲಿ ಯಾರು, ಏನನ್ನು ಸದ್ದಿಲ್ಲದೆ ಬಿಟ್ಟುಕೊಟ್ಟಿದ್ದಾರೆ... ಇವತ್ತು ಒಮ್ಮೆ ಕೇಳಿ ನೋಡುತ್ತೀರಾ?