ಡಿ, ದಾವಣಗೆರೆ

"ಬಿ, ಬೀರೂರು. ಏಳು. ಎ, ಅಜ್ಜಂಪುರ." ರೈಲಿನ ಬಾಗಿಲಲ್ಲಿ ನಿಂತು ಧರ್ಮೇಶ್ ಚೀಟಿ ಓದುತ್ತಿದ್ದ. ಬೀರೂರಿನ ಪ್ಲಾಟ್‌ಫಾರಂ ಮೇಲೆ ನಿಂತ ತನುಜಾ ಅವನ್ನು ತನ್ನ ಮೊಬೈಲಿಗೆ ಬಂದಿದ್ದ ಅಕ್ಷರಗಳಿಗೆ ಹೋಲಿಸುತ್ತಿದ್ದಳು. ಗದ್ದಲದಲ್ಲಿ ಬಿ, ಡಿ ಒಂದೇ ಥರ ಕೇಳುತ್ತವೆಂದು ಊರಿನ ಹೆಸರು ಸೇರಿಸಿ ಓದುವುದು ಇಬ್ಬರ ಹಳೆಯ ರೂಢಿ. ಸಂದೇಶಗಳಿಗೆ ಬೀಗ ಹಾಕುವ ತಂತ್ರಾಂಶವೊಂದನ್ನು ಅವರು ಜೊತೆಯಾಗಿ ಬರೆದು ಪುಕ್ಕಟೆ ಹಂಚಿದ್ದರು. ಅವನ ಹೊಸ ಡಿಜಿಟಲ್ ಕೀಲಿಯ ಗುರುತಾದ ನಲವತ್ತು ಅಕ್ಷರ-ಅಂಕಿ ತಾಳೆಯಾದರೆ ಅವಳು ಅದಕ್ಕೆ ಸಹಿ ಮಾಡಬೇಕು. ಆಮೇಲೆ ಆ ಕೀಲಿ ಇದ್ದವರು ತಂತ್ರಾಂಶಕ್ಕೆ ಏನು ಬದಲಾವಣೆ ಕಳಿಸಿದರೂ ಸಾವಿರಾರು ಜನ ಅವಳ ಸಹಿಯನ್ನು ನಂಬಿ ತೆಗೆದುಕೊಳ್ಳುತ್ತಾರೆ.

ರೈಲು ಕೂಗಿತು. ಅವನು ಅವಸರಪಟ್ಟ. "ನಾಲ್ಕು. ಡಿ, ಡೆಲ್ಟಾ. ಮುಗೀತು."

ಅಕ್ಷರಗಳೆಲ್ಲ ತಾಳೆಯಾಗಿದ್ದವು. ಆದರೂ ತನುಜಾ ತಲೆಯೆತ್ತಿ ಅವನನ್ನೇ ನೋಡಿದಳು. ಎಂಟು ವರ್ಷದಿಂದ ಅವನ ಬಾಯಲ್ಲಿ ಡಿ ಅಂದರೆ ದಾವಣಗೆರೆ; ಡೆಲ್ಟಾ ಬೇರೆ ಯಾರೋ ಬರೆದುಕೊಟ್ಟ ಮಾತು.

"ಆ ಚೀಟಿ ಯಾರು ಬರೆದಿದ್ದು ಕಣೋ?"

"ಆಫೀಸ್ನೋರು ಪ್ರಿಂಟ್ ತೆಗೆದು ಕೊಟ್ರು."

"ಕೀಲೀನೂ ಅವರೇ ಮಾಡ್ಕೊಟ್ರಾ?"

ಅವನು ಚೀಟಿಯನ್ನು ಜೇಬಿಗೆ ತುರುಕಿ ಒಂದು ಲಕೋಟೆ ಚಾಚಿದ. ಅವನು ಈಗ ಕೆಲಸ ಮಾಡುವ ಕಂಪನಿಯೇ ಆ ತಂತ್ರಾಂಶದ ಪೇಟೆಂಟ್ ತನ್ನದೆಂದು ತನುಜಾಳಿಗೆ ನೋಟಿಸು ಕಳಿಸಿತ್ತು; ಸೋಮವಾರದೊಳಗೆ ತಂತ್ರಾಂಶ ಹಂಚುವುದನ್ನು ನಿಲ್ಲಿಸದಿದ್ದರೆ ಕೋರ್ಟಿಗೆ ಹೋಗುವುದಾಗಿ ಬರೆದಿತ್ತು.

"ನೋಟಿಸ್ ವಾಪಸ್ ತಗೊಂಡವ್ರೆ, ಲೆಟರ್ ಇದರಲ್ಲೈತೆ. ನೀನೊಂದು ಸಹಿ ಮಾಡಿದ್ರೆ ಆಯ್ತು. ನನ್ನನ್ನೂ ನಂಬಲ್ವೇನೇ?"

ರೈಲು ಅಲುಗಿತು. ತನುಜಾ ಅವನು ಚಾಚಿದ್ದ ಲಕೋಟೆಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದಳು. ಅದನ್ನು ಮುಟ್ಟಲಿಲ್ಲ.

"ದಾವಣಗೆರೆ ಅಂದಿದ್ರೆ ನಂಬಿಬಿಡ್ತಿದ್ದೆ. ಲೆಟರ್ ನೀನೇ ಇಟ್ಕೋ, ನಾನು ಸಹಿ ಮಾಡಲ್ಲ."